ಅಟ್ಟಕ್ಕೆ ಹಾಕಿದ ಹಾರ್ಡ್ ಡಿಸ್ಕು

ಹದಿನೈದು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಪ್ರಮಾಣಪತ್ರ ಕೈಗೆ ಬಂದ ದಿನ, ಇನ್ನು ನಾನು ಕಲಿಯಬೇಕಾದದ್ದು ಏನೂ ಉಳಿದಿಲ್ಲ ಎಂಬುದು ನನಗೆ ಖಚಿತವಾಯಿತು. ನನಗೆ ಐವತ್ತೆಂಟು ವಯಸ್ಸು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ನಮ್ಮ ತರಗತಿಯಲ್ಲಿದ್ದವರೆಲ್ಲ ಹೆಚ್ಚುಕಡಿಮೆ ತೆಂಗಿನವರೇ ಆದ್ದರಿಂದ, ಪಾಠ ಹೇಳಿದ ಮೇಡಂ ನಮಗೆ ಅರ್ಥವಾಗುವ ಹಾಗೆಯೇ ಹೇಳಿಕೊಟ್ಟಿದ್ದರು.

"ರ‍್ಯಾಮ್ ಅಂದ್ರೆ ಅಂಗಳದಲ್ಲಿ ಹರವಿದ ಕಾಯಿ. ಕೆಲಸ ನಡೀತಿರೋವರೆಗೆ ಮಾತ್ರ ಅಲ್ಲಿರುತ್ತೆ. ಮಳೆ ಬಂದ್ರೆ ಹೋಯ್ತು. ಹಾರ್ಡ್ ಡಿಸ್ಕ್ ಅಂದ್ರೆ ಅಟ್ಟ. ಅಲ್ಲಿಗೆ ಏರಿಸಿದ್ದು ಉಳಿಯುತ್ತೆ" ಎಂದಿದ್ದರು. ಕೀಲಿಮಣೆ, ಮೌಸ್, ಮೈಕು ಇನ್‌ಪುಟ್ ಸಾಧನಗಳು. ಕಾಯಿ ತರುವ ಗಾಡಿಗಳಿದ್ದಂತೆ. ಮಾನಿಟರ್, ಪ್ರಿಂಟರ್, ಸ್ಪೀಕರ್ ಔಟ್‌ಪುಟ್ ಸಾಧನಗಳು. ಕೊಬ್ಬರಿ ಒಯ್ಯುವ ಲಾರಿಗಳಿದ್ದಂತೆ. ಇಷ್ಟು ಸ್ಪಷ್ಟವಾಗಿ ಯಾರಾದರೂ ಹೇಳಿದರೆ ಕಲ್ಲಿಗೂ ಅರ್ಥವಾಗುತ್ತದೆ. ನನಗೂ ಅರ್ಥವಾಯಿತು. ಅತಿಯಾಗಿ ಅರ್ಥವಾದದ್ದೇ ತೊಂದರೆಗೆ ಕಾರಣ.

ಆ ವಾರವೇ ಬಾಣಾವರದಿಂದ ನನ್ನ ಹೆಂಡತಿ ಶಾರದಳ ದೊಡ್ಡಮ್ಮ ಲಕ್ಷ್ಮಮ್ಮನವರ ಫೋನ್ ಬಂತು. ಅವರ ಮೊಮ್ಮಗಳು ಚೈತ್ರಳ ಮದುವೆ, ಗಂಡಿನವರ ಊರಾದ ಹಳೇಬೀಡಿನಲ್ಲಿ. ದೊಡ್ಡಮ್ಮನಿಗೆ ಮಂಡಿಯ ಆಪರೇಷನ್ ಆಗಿ, ಎರಡು ತಿಂಗಳು ಮನೆ ಬಿಟ್ಟು ಕದಲಬಾರದೆಂದು ಡಾಕ್ಟರು ಹೇಳಿದ್ದರು. ಆ ವಂಶದಲ್ಲಿ ಯಾವ ಮದುವೆಯಾದರೂ ಅರಿಶಿನದ ಶಾಸ್ತ್ರಕ್ಕೆ ಸೋಬಾನೆ ಪದ ಹಾಡುವವರು ಅವರೇ. ಹದಿನಾಲ್ಕು ಪದಗಳು. ಬೇರೆ ಯಾರಿಗೂ ಬರುವುದಿಲ್ಲ.

"ನಾನು ಹೋಗದಿದ್ರೆ ಬ್ಯಾಡ ಕಣವ್ವ, ನನ್ನ ಪದನಾದ್ರೂ ಅಲ್ಲಿಗೆ ಹೋಗ್ಲಿ" ಎಂದರು ಶಾರದಳ ಹತ್ತಿರ. "ಅಲ್ಲಿ ಅದ್ಯಾವುದೋ ಡಿಜೆ ಹಾಕುಸ್ತಾರಂತೆ. ನನ್ನ ಮೊಮ್ಮಗಳಿಗೆ ಡಬ್ಬಾ ಬಡ್ಕಂಡು ಅರಿಶಿಣ ಹಚ್ಚೋದು ಕೇಳಿದ್ರೆ ನನ್ನ ಜೀವ ತಡಿಯಾಕಿಲ್ಲ." ಹೇಳುತ್ತಾ ಅತ್ತೇಬಿಟ್ಟರು. ಶಾರದಳ ಕಣ್ಣೂ ಒದ್ದೆಯಾಯಿತು.

ಪರಿಸ್ಥಿತಿ ನನ್ನಂಥ ಒಬ್ಬ ತರಬೇತಾದ ವ್ಯಕ್ತಿಯನ್ನು ಬೇಡುತ್ತಿತ್ತು. "ಅಳಬೇಡಿ ಅನ್ನು. ಧ್ವನಿಯನ್ನು ಇನ್‌ಪುಟ್ ಮಾಡಿ, ಶೇಖರಿಸಿ, ಹಳೇಬೀಡಿನಲ್ಲಿ ಔಟ್‌ಪುಟ್ ಕೊಡಲಾಗುವುದು" ಎಂದು ಘೋಷಿಸಿದೆ.

"ಅದಕ್ಕೇನ್ರೀ ಅಷ್ಟು ದೊಡ್ಡ ಮಾತು? ನನ್ನ ಮೊಬೈಲಲ್ಲೇ ರೆಕಾರ್ಡ್ ಮಾಡ್ಕೊಂಡು ಬರ್ತೀನಿ."

"ಮೊಬೈಲು ಆಟದ ಸಾಮಾನು ಕಣೇ. ಇದು ಮದುವೆ."

ಹೀಗೆಂದು, ತರಬೇತಿ ಮುಗಿದ ಹುರುಪಿನಲ್ಲಿ ಕೊಂಡು ತಂದಿದ್ದ ಹಳೆಯ ಕಂಪ್ಯೂಟರಿನ ಪೆಟ್ಟಿಗೆ, ಮಾನಿಟರ್, ಕೀಲಿಮಣೆ, ಮೌಸ್, ಸ್ಪೀಕರ್, ಮೈಕು ಎಲ್ಲವನ್ನೂ ಹೊದಿಕೆಗಳಲ್ಲಿ ಕಟ್ಟಿದೆ. ಪ್ರಿಂಟರನ್ನೂ ಕಟ್ಟಿದೆ.

"ಹಾಡು ಹಾಡ್ಸೋಕೆ ಪ್ರಿಂಟರ್ ಯಾಕ್ರೀ?"

"ಅರ್ಧ ಸಂಸಾರವನ್ನು ಬಿಟ್ಟು ಅರ್ಧ ಸಂಸಾರವನ್ನು ಕರ್ಕೊಂಡು ಹೋಗೋಕಾಗುತ್ತಾ?" ಎಂದೆ. ಪ್ಯಾಸೆಂಜರ್ ರೈಲಿನಲ್ಲಿ ಮಾನಿಟರನ್ನು ಕಿಟಕಿ ಪಕ್ಕ ಕೂರಿಸಿ ನಾನು ನಿಂತುಕೊಂಡೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ, "ಟೀವಿ ಕೆಟ್ಟೋಗೈತಾ ಸಾಮಿ?" ಎಂದರು.

"ಇದು ಟೀವಿಯಲ್ಲ. ಔಟ್‌ಪುಟ್ ಸಾಧನ. ಒಳಗಿರೋದನ್ನ ಹೊರಗೆ ತೋರಿಸುತ್ತೆ."

"ನಮ್ಮನೆ ಟೀವಿನೂ ಅದ್ನೇ ಮಾಡ್ತೈತೆ" ಎಂದರು ಅವರು. ಜ್ಞಾನವಿಲ್ಲದವರ ಜೊತೆ ವಾದ ಮಾಡಬಾರದೆಂದು ನಾನು ಕಿಟಕಿಯ ಹೊರಗೆ ನೋಡತೊಡಗಿದೆ.

ಬಾಣಾವರದ ಮನೆಯ ನಡುಮನೆಯಲ್ಲಿ ಯಂತ್ರವನ್ನು ಹೂಡಿದ್ದಾಯಿತು. ಮೈಕಿಗೆ ಸ್ಟ್ಯಾಂಡ್ ಇರಲಿಲ್ಲ. ದೊಡ್ಡಮ್ಮನ ಬಾಯಿಯ ಹತ್ತಿರ ಅದನ್ನು ಹಿಡಿದು ಕೂರುವ ಕೆಲಸವನ್ನು ಶಾರದಳಿಗೆ ಕೊಟ್ಟೆ. ಪೆಟ್ಟಿಗೆಯ ಹಿಂದೆ ಒಂದು ಹಸಿರು ತೂತು, ಒಂದು ಗುಲಾಬಿ ತೂತು ಇದ್ದವು. ಹಸಿರು ಶುಭವೆಂದು ಮೈಕನ್ನು ಅದಕ್ಕೆ ಸಿಕ್ಕಿಸಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ಹದಿನಾಲ್ಕೂ ಪದ ಹಾಡಿದರು. ಪರದೆಯ ಮೇಲೆ ಒಂದು ಗೆರೆ ಓಡುತ್ತಿತ್ತು; ಒಂದಿಷ್ಟೂ ಮೇಲೆ ಕೆಳಗೆ ಆಗದೆ ದಾರ ಎಳೆದ ಹಾಗೆ ನೆಟ್ಟಗಿತ್ತು.

"ನೋಡು, ಶ್ರುತಿ ಎಷ್ಟು ನೇರವಾಗಿದೆ" ಎಂದು ಶಾರದಳಿಗೆ ಪಿಸುಗುಟ್ಟಿದೆ.

ಹಾಡು ಮುಗಿದ ಮೇಲೆ ಕೇಳಿಸಲು ಹೋದರೆ ಏನೂ ಕೇಳಿಸಲಿಲ್ಲ. ಮೇಡಂಗೆ ಫೋನ್ ಮಾಡಿದೆ. ಹಸಿರು ತೂತು ಸ್ಪೀಕರಿನದಂತೆ. ಅಂದರೆ ಧ್ವನಿ ಹೊರಗೆ ಬರುವ ಬಾಗಿಲಿಗೆ ನಾನು ಒಳಗೆ ಹೋಗುವವರನ್ನು ನಿಲ್ಲಿಸಿದ್ದೆ. ಮೂರು ಗಂಟೆ ಕಾಲ ದೊಡ್ಡಮ್ಮ ಯಂತ್ರಕ್ಕೆ ಹಾಡಿದ್ದರು, ಯಂತ್ರಕ್ಕೆ ಕಿವಿಯೇ ಇರಲಿಲ್ಲ.

"ಹೋಗ್ಲಿ ಬಿಡಿ ಅಳಿಯಂದ್ರೇ. ನಾಳೆ ಇನ್ನೊಂದಪ ಹಾಡ್ತೀನಿ" ಎಂದರು ದೊಡ್ಡಮ್ಮ. ಅಷ್ಟು ಒಳ್ಳೆಯ ಹೆಂಗಸು.

ಮರುದಿನ ಗುಲಾಬಿ ತೂತು. ಶಾರದ ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು, "ಇದರಲ್ಲೂ ಒಂದು ಇರ್ಲಿ ಕಣ್ರೀ" ಎಂದಳು. ನಾನು ಕೂಡಲೇ ತಡೆದೆ. ಒಂದೇ ಧ್ವನಿಯನ್ನು ಎರಡು ಕಡೆ ಹಂಚಿದರೆ ಎರಡು ಕಡೆಯೂ ತೆಳ್ಳಗಾಗುತ್ತದೆ ಎಂದು ವಿವರಿಸಿದೆ. ಇದನ್ನು ಮೇಡಂ ಹೇಳಿರಲಿಲ್ಲ, ನಾನೇ ಕಂಡುಕೊಂಡದ್ದು. ಶಾರದ ನನ್ನನ್ನೊಮ್ಮೆ ನೋಡಿ ಮೊಬೈಲನ್ನು ಬ್ಯಾಗಿಗೆ ಹಾಕಿದಳು.

ಈ ಸಲ ಗೆರೆ ಚೆನ್ನಾಗಿ ಕುಣಿಯಿತು. ಹದಿನಾಲ್ಕೂ ಪದ ಒಂದೇ ಉಸಿರಿಗೆಂಬಂತೆ ದಾಖಲಾದವು. ಉಳಿಸುವ ಗುಂಡಿ ಒತ್ತುವುದಕ್ಕೆ ಮೊದಲು, ದೊಡ್ಡಮ್ಮ ಕೊಟ್ಟ ಕಾಫಿ ಆರುತ್ತದಲ್ಲ ಎಂದು ಲೋಟ ಎತ್ತಿಕೊಂಡೆ. ಎರಡು ಗುಟುಕು ಕುಡಿದೆ. ಕರೆಂಟ್ ಹೋಯಿತು.

ಅಂಗಳದ ಕಾಯಿ! ಮಳೆ!

"ಏನಾಯ್ತ್ರೀ? ಮುಖ ಯಾಕೆ ಹಂಗಾಯ್ತು?" ಎಂದಳು ಶಾರದ.

"ಎಲ್ಲಾ ರ‍್ಯಾಮಲ್ಲಿತ್ತು" ಎಂದೆ.

"ಎಲ್ಲಿದ್ರೇನು, ಬರುತ್ತೋ ಇಲ್ವೋ?"

"ಬರಲ್ಲ."

ದೊಡ್ಡಮ್ಮ, "ಆ ಡಬ್ಬಕ್ಕೆ ಹೊಟ್ಟೆ ತೂತೇನ್ರಪ್ಪ" ಎಂದು ಕೇಳಿ, ಬಿಸಿನೀರು ಕುಡಿದು, ಮೂರನೆಯ ದಿನವೂ ಹಾಡಿದರು. ಧ್ವನಿ ಸ್ವಲ್ಪ ಒಡೆದಿತ್ತು. ಪ್ರತಿ ಪದಕ್ಕೂ ನಾನು ಉಳಿಸುವ ಗುಂಡಿಯನ್ನು ಮೂರು ಮೂರು ಸಲ ಒತ್ತಿದೆ. ಕೇಳಿಸಿ ನೋಡಿದೆವು, ದೊಡ್ಡಮ್ಮ ತಮ್ಮ ಧ್ವನಿ ತಾವೇ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನನಗೆ ಆ ಕ್ಷಣದಲ್ಲಿ ಆದ ಸಂತೋಷಕ್ಕೆ ಎಣೆಯಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಅರಸೀಕೆರೆಗೆ ಬಂದವನೇ ಅಂಗೈಯಗಲದ ಹಾರ್ಡ್ ಡಿಸ್ಕೊಂದನ್ನು ತಂದು ಹದಿನಾಲ್ಕೂ ಪದಗಳನ್ನು ಅದಕ್ಕೆ ಸಾಗಿಸಿದೆ. ಕಂಪ್ಯೂಟರಿನಲ್ಲಿ ಒಂದು ಪ್ರತಿ ಬಿಡುವುದೋ ಬೇಡವೋ ಎಂಬ ಪ್ರಶ್ನೆ ಬಂತು. ಒಂದೇ ಕಾಯಿ ಅಂಗಳದಲ್ಲೂ ಅಟ್ಟದಲ್ಲೂ ಇರುವುದುಂಟೇ? ಬಿಡಲಿಲ್ಲ. ಮದುವೆಗೆ ಇನ್ನೂ ಹನ್ನೆರಡು ದಿನವಿತ್ತು. ಅಲ್ಲಿಯವರೆಗೆ ಡಿಸ್ಕನ್ನು ಭದ್ರವಾಗಿ, ಬೆಚ್ಚಗೆ, ತೇವ ತಾಕದ ಹಾಗೆ ಇಡಬೇಕು. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ. ಕೊಬ್ಬರಿಯ ಅಟ್ಟ. ಮೇಡಂ ಕೂಡ ಅದನ್ನೇ ಹೇಳಿದ್ದರು ತಾನೇ?

ಕಾಯಿಗಳ ಮಧ್ಯೆ ಗೂಡು ಮಾಡಿ ಡಿಸ್ಕನ್ನಿಟ್ಟೆ. ಕೆಳಗೆ ವಾಡಿಕೆಯಂತೆ ಚಿಪ್ಪು ಉರಿಸಿ ಹದವಾಗಿ ಹೊಗೆ ಹಾಕಿದೆ.

ಈಗ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಅಟ್ಟದ ಕಾಯಿಯ ನೀರು ಪೂರ್ತಿ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಸದ್ದು ಬಂದರೆ ಕೊಬ್ಬರಿ ಆಗಿದೆ. ಬಾರದಿದ್ದರೆ ಇನ್ನೂ ಹಸಿ. ಮೂವತ್ತು ವರ್ಷದಿಂದ ನಾನು ಇದನ್ನು ಮಾಡುತ್ತಿದ್ದೇನೆ. ನನ್ನ ಕಿವಿ ತಪ್ಪಿದ್ದಿಲ್ಲ.

ಮೂರನೆಯ ಬೆಳಿಗ್ಗೆ ಕಾಯಿ ನೋಡಲು ಅಟ್ಟ ಹತ್ತಿದವನು, ಕೈ ರೂಢಿಯಂತೆ ಡಿಸ್ಕನ್ನೂ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ. ಮನಸ್ಸಿಗೆ ಕಸಿವಿಸಿಯಾಯಿತು. ಹದಿನಾಲ್ಕು ಪದ ಒಳಗಿದ್ದರೆ ಒಂದಾದರೂ ಮಿಸುಕಬೇಡವೇ? ಮರುದಿನ ಸ್ವಲ್ಪ ಜೋರಾಗಿ ಅಲ್ಲಾಡಿಸಿದೆ. ಇಲ್ಲ. ಹೊಗೆ ಸ್ವಲ್ಪ ಹೆಚ್ಚಿಸಿದೆ. ಹೀಗೆ ದಿನಾ ಅಲ್ಲಾಡಿಸುತ್ತಾ, ಮದುವೆಗೆ ಎರಡು ದಿನವಿದೆ ಎನ್ನುವಾಗ ಧೈರ್ಯ ಕುಂದಿ, ಒಂದು ಬಲಿತ ಕಾಯಿ ತೆಗೆದುಕೊಂಡು ಡಿಸ್ಕಿನ ಮೇಲೆ ಟಣ್ ಟಣ್ ಎಂದು ಎರಡು ಬಾರಿ ತಟ್ಟಿದೆ. ಆಮೇಲೆ ಅಲ್ಲಾಡಿಸಿದೆ.

ಗಡಗಡ!

"ಶಾರದಾ, ಆಯ್ತು ಕಣೇ" ಎಂದು ಏಣಿಯ ಮೇಲಿಂದಲೇ ಕೂಗಿದೆ. "ಒಳ್ಳೇ ಸದ್ದು ಬರ್ತಿದೆ."

"ಯಾವ ಕಾಯೀದು?"

"ಕಾಯೀದಲ್ಲ, ದೊಡ್ಡಮ್ಮಂದು."

ಶಾರದ ಏಣಿಯ ಕೆಳಗೆ ಬಂದು ನಿಂತು, ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಅದು ಮಾಡುವ ಸದ್ದನ್ನು ಕೇಳಿ, "ಅದು ಮೊದಲು ಹಂಗೆ ಸದ್ದು ಮಾಡ್ತಿರ್ಲಿಲ್ವಲ್ರೀ" ಎಂದಳು. "ಅದಕ್ಕೇ ಅಲ್ಲವಾ ಇಷ್ಟು ದಿನ ಕಾದದ್ದು" ಎಂದೆ. ಕಂಪ್ಯೂಟರಿಗೆ ಹಾಕಿ ಒಮ್ಮೆ ನೋಡಿ ಎಂದಳು. ಒಮ್ಮೆ ಒಡೆದ ಕಾಯಿಯನ್ನು ಮತ್ತೆ ಮುಚ್ಚಲು ಬರುವುದಿಲ್ಲ, ಮದುವೆಮನೆಯಲ್ಲೇ ತೆರೆಯೋಣ ಎಂದೆ.

ಹಳೇಬೀಡಿನ ಛತ್ರದಲ್ಲಿ ಬೆಳಿಗ್ಗೆ ಹತ್ತಕ್ಕೆ ಅರಿಶಿನದ ಶಾಸ್ತ್ರ. ಚೈತ್ರ ಹಸೆಯ ಮೇಲೆ ಕೂತಾಗಿತ್ತು. ಹೆಂಗಸರೆಲ್ಲ ಅರಿಶಿನದ ಬಟ್ಟಲು ಹಿಡಿದು ಸುತ್ತ ನಿಂತಿದ್ದರು. "ಅಜ್ಜಿ ಪದ ಶುರುವಾದ್ಮೇಲೇ ಹಚ್ಚಿ" ಎಂದು ಹುಡುಗಿ ಹೇಳಿಬಿಟ್ಟಿದ್ದಳು. ನಾನು ರೇಷ್ಮೆ ಪಂಚೆ ಉಟ್ಟು, ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡು ಡಿಜೆಯವನ ಮೇಜಿನವರೆಗೆ ಗಂಭೀರವಾಗಿ ನಡೆದೆ. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಇದ್ಯಾಕ್ ಸಾರ್ ಹೊಗೆ ವಾಸನೆ ಬರ್ತೈತೆ?"

"ಹದ ಮಾಡಿದ್ದೀವಿ."

ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಡಿಸ್ಕು ಟಿಕ್ ಟಿಕ್ ಎಂದಿತು. ಸ್ವಲ್ಪ ಸುಮ್ಮನಾಯಿತು. ಮತ್ತೆ ಟಿಕ್ ಎಂದಿತು. ಅವನು ಅದನ್ನು ಕಿತ್ತು, ಒಮ್ಮೆ ಅಲ್ಲಾಡಿಸಿ, ನನ್ನ ಮುಖ ನೋಡಿದ. "ಸಾರ್, ಒಳಗೆ ಪುಡಿಪುಡಿ ಆಗಿದೆ. ಬಿದ್ದಿತ್ತಾ?"

"ಬೀಳೋಕೆ ಬಿಟ್ಟಿಲ್ಲ" ಎಂದೆ. ಅದು ಸತ್ಯ.

ಐವತ್ತು ಜೊತೆ ಕಣ್ಣುಗಳು ನನ್ನ ಮೇಲಿದ್ದವು. ಹಸೆಯ ಮೇಲಿದ್ದ ಹುಡುಗಿಯ ಕಣ್ಣು ತುಂಬಿತು. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಡಿಜೆಯವನು ಸಿನಿಮಾ ಹಾಡು ಹಾಕಲೇ ಎಂದು ಕೇಳಿದ. ಯಾರೋ ದೊಡ್ಡಮ್ಮನಿಗೆ ಫೋನ್ ಹಚ್ಚಿ, ಫೋನಿನಲ್ಲೇ ಹಾಡಿ ಎಂದರು. ಆ ಕಡೆಯಿಂದ ಬಂದದ್ದು ಧ್ವನಿಯಲ್ಲ, ಬರೀ ಗಾಳಿ. ನನಗಾಗಿ ಮೂರು ದಿನ ಹಾಡಿ ಅವರ ಗಂಟಲು ಕೂತು, ಇನ್ನೂ ಎದ್ದಿರಲಿಲ್ಲ. "ಶಾರದನ ಕೈಗೆ ಕೊಡಿ" ಎಂದರು ಆ ಗಾಳಿಯಲ್ಲೇ.

"ನೀನೇ ಹಾಡವ್ವ. ಮೂರು ದಿನ ನನ್ನ ಮಕಕ್ಕೆ ಮಕ ಕೊಟ್ಟು ಕುಂತಿದ್ಯಲ್ಲ."

"ನಂಗೆಲ್ಲಿ ಬರುತ್ತೆ ದೊಡ್ಡಮ್ಮ?"

"ನಿನ್ನ ಗಂಡನ ದೆಸೆಯಿಂದ ಬತ್ತೈತೆ ಸುಮ್ಕಿರು. ನಾನು ಕೇಳ್ತಾ ಇರ್ತೀನಿ, ಫೋನ್ ಇಕ್ಬ್ಯಾಡ."

ಶಾರದ ಸೆರಗು ಸರಿ ಮಾಡಿಕೊಂಡು ಹಸೆಯ ಹತ್ತಿರ ಹೋಗಿ ನಿಂತಳು. ಮೊದಲ ಸಾಲು ನಡುಗಿತು. ಎರಡನೆಯದರಲ್ಲಿ ದನಿ ಸ್ಥಿರವಾಯಿತು. ಮೂರನೆಯದಕ್ಕೆ ಹೆಂಗಸರು ಸೋಬಾನೆ ಎಂದು ದನಿಗೂಡಿಸಿದರು. ಮೂವತ್ತು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅವಳು ಹೀಗೆ ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಹದಿನಾಲ್ಕೂ ಪದ ಬಂದವು. ಚೈತ್ರಳಿಗೆ ಅರಿಶಿನವಾಯಿತು. ನಾನು ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಕೊನೆಗೆ ಫೋನಿನಲ್ಲಿ ದೊಡ್ಡಮ್ಮ, "ಆರನೇ ಪದದಾಗೆ ಎರಡು ಸಾಲು ನುಂಗಿಬಿಟ್ಲು" ಎಂದರಂತೆ. ಅಷ್ಟೇ ತಕರಾರು.

ಊಟದ ಪಂಕ್ತಿಯಲ್ಲಿ ನಾನು ಸ್ವಲ್ಪ ಚೇತರಿಸಿಕೊಂಡೆ. ಯೋಚಿಸಿದರೆ, ಮೊದಲ ದಿನವೇ ಎಲ್ಲ ಸರಿಯಾಗಿದ್ದರೆ ಶಾರದ ಕಲಿಯುತ್ತಿದ್ದಳೇ? ಈ ವಿಚಾರವನ್ನು ಪಕ್ಕದಲ್ಲಿದ್ದ ಶಾರದಳ ಗಮನಕ್ಕೆ ತರಬೇಕೆನ್ನುವಷ್ಟರಲ್ಲಿ, ನಡೆದ ಕಥೆಯೆಲ್ಲ ಆಗಲೇ ಕಿವಿಗೆ ಬಿದ್ದಿದ್ದ ಗಂಡಿನ ಸೋದರತ್ತೆಯೊಬ್ಬರು ಎದುರಿಗೆ ಬಂದು ನಿಂತರು.

"ನಮ್ಮತ್ತೆಗೂ ಇಪ್ಪತ್ತು ಪದ ಬತ್ತಾವೆ ಕಣ್ರವ್ವ" ಎಂದರು ಶಾರದಳಿಗೆ. "ನನ್ನ ಸೊಸೆ ಎಲ್ಲಾನೂ ಮೊಬೈಲಿಗೆ ಹಿಡ್ಕಂಡವ್ಳೆ. ಒಂದೂ ಬಾಯಿಗೆ ಬಂದಿಲ್ಲ. ನಿಮ್ಮ ಯಜಮಾನ್ರನ್ನ ಆ ಡಬ್ಬದ ಸಮೇತ ಎರಡು ದಿನ ಕಳಿಸ್ಕೊಡಿ."

"ಎರಡು ದಿನ ಸಾಲಲ್ಲ. ಮೂರು ದಿನ ಬೇಕು ಅವರಿಗೆ" ಎಂದಳು ಶಾರದ, ಪಾಯಸ ಕಲಸುತ್ತಾ.

ಸೋಮವಾರ ಹೊರಡುತ್ತಿದ್ದೇನೆ. ನಾನು ಅಲ್ಲಿಗೆ ಹೋಗಿ ಯಾವುದನ್ನೂ ಸರಿಯಾಗಿ ಮಾಡಬಾರದಂತೆ; ಅಷ್ಟು ಮಾಡಿದರೆ ಸಾಕಂತೆ. ಜೀವನದಲ್ಲಿ ಮೊದಲ ಬಾರಿಗೆ, ನನ್ನ ಅರ್ಹತೆಯನ್ನು ಸರಿಯಾಗಿ ಗುರುತಿಸಿ ಕೊಟ್ಟ ಕೆಲಸ ಇದು.