ಹಿತ್ತಲಲ್ಲೊಂದು ಹೇಜಿ ಬೆಳಗು

ಹೆಂಡತಿಗೆ ಪುಕ್ಕಟೆ ಪಾಠ ಹೇಳುವ ಗಂಡನಿಗೆ ಈ ಕಾಲದಲ್ಲಿ ಕವಡೆ ಕಾಸಿನ ಬೆಲೆಯಿಲ್ಲ. ಅಂದು ನನ್ನಾಕೆಗೆ ಹವಾಮಾನ ಕಚೇರಿಯಲ್ಲಿ ಸಂದರ್ಶನ. ಅವಳು ವರ್ಷಗಟ್ಟಲೆ ಕಾದಿದ್ದ ಕೆಲಸ. ನಾನೋ ಇಂಗ್ಲಿಷ್ ಮೇಷ್ಟ್ರು. ಬೆಳಗ್ಗೆಯೇ ‘ಹೇಜಿ’ ಎಂಬ ಇಂಗ್ಲಿಷ್ ಗುಣವಾಚಕವನ್ನು ಬೋಧಿಸಲು ಪೀಠಾರೋಹಣ ಮಾಡಿದೆ.

“ಹೇಜಿ ಅಂದ್ರೆ ಮಂಜು ಕವಿದ ಹಾಗೆ.”

“ಮಂಜಿಗೆ ನೀರು ಬೇಕು. ಹೇಜಿಗೆ ಧೂಳು, ಹೊಗೆ ಸಾಕು. ಒಣ ಮಬ್ಬು ಅದು,” ಎಂದಳು, ಬಟ್ಟೆ ಇಸ್ತ್ರಿ ಮಾಡುತ್ತ.

“ನೆನಪಿಗೂ ಬಳಸಬಹುದು. ನಮ್ಮ ಮದುವೆ ದಿನದ ನೆನಪು ಹೇಜಿ, ಹೀಗೆ.”

“ಅದನ್ನ ಅಲ್ಲಿ ನಾನು ಹೇಳಲ್ಲ. ಇಲ್ಲಿ ನೀವೂ ಇನ್ನೊಂದ್ಸಲ ಹೇಳ್ಬೇಡಿ.”

ಉದಾಹರಣೆಯಿಲ್ಲದ ಪಾಠ ತಲೆಗೆ ಹತ್ತುವುದಿಲ್ಲ. ತೋರಿಸೋಣವೆಂದರೆ ಆಕಾಶ ತೊಳೆದಿಟ್ಟ ತಟ್ಟೆ. ಅವಳು ಸ್ನಾನಕ್ಕೆ ಹೋದದ್ದೇ ತಡ, ಹಿತ್ತಲಿಗೆ ನುಗ್ಗಿ ಗುಡಿಸಿಟ್ಟ ತರಗೆಲೆಗೆ ಬೆಂಕಿ ಹಚ್ಚಿದೆ. ಎಲೆ ಅರೆಹಸಿ. ಹೊಗೆ ಗೋಡೆ ಸವರಿ, ಕಿಟಕಿಯಲ್ಲಿ ತೂಗುತ್ತಿದ್ದ ಅವಳ ಇಸ್ತ್ರಿ ಬಟ್ಟೆಯನ್ನು ಮುಟ್ಟಿ, ಬೀದಿಗಿಳಿಯಿತು. ನೋಡುನೋಡುತ್ತ ಎದುರು ಮನೆಯ ನೀರಿನ ಟ್ಯಾಂಕು ಆಧಾರವಿಲ್ಲದೆ ತೇಲಿತು. ದೀಪದ ಕಂಬಗಳು ಒಂದೊಂದಾಗಿ ಕರಗಿದವು. ಸೂರ್ಯನೂ ತೂಕಡಿಸಿದ. ಕಡ್ಡಿಪೆಟ್ಟಿಗೆ ಹಿಡಿದೇ ಮೈಮರೆತು ನಿಂತೆ. (ಕೆಮ್ಮುತ್ತ ಮೈಮರೆಯುವುದು ಸುಲಭವಲ್ಲ, ಪ್ರಯತ್ನಿಸಿ ನೋಡಿ.) ಮದುವೆಯ ದಿನವೂ ಹೀಗೇ ಇತ್ತೇನೋ ಅನ್ನಿಸಿ ಸುಖವಾಯಿತು.

“ಏನ್ರೀ ಇದು?” ಬಾಗಿಲಲ್ಲಿ ಅವಳು.

“ಹೇಜಿ,” ಎಂದೆ ಹೆಮ್ಮೆಯಿಂದ.

ಅವಳು ಹೊಗೆ ನಾರುವ ಬಟ್ಟೆಯಲ್ಲೇ ಹೊರಟಳು. ಆಗ ನನಗೆ ಹೊಳೆಯಿತು. ಕೆಲಸ ಕೈತಪ್ಪಿದರೆ ಕಾರಣ ನಾನೇ. ಭಯಕ್ಕೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ, ತೊಳೆದವನ್ನೂ ಸೇರಿಸಿ, ತೊಳೆದೆ.

ಮಧ್ಯಾಹ್ನ ಬಂದವಳು ಚಪ್ಪಲಿ ಬಿಡುತ್ತ ಹೇಳಿದಳು: “ಕೆಲಸ ಸಿಕ್ತು. ಕಿಟಕಿಯಿಂದ ಊರು ತೋರಿಸಿ, ಇಷ್ಟು ತಿಳಿ ಆಕಾಶದಲ್ಲಿ ಆ ಒಂದು ಮೂಲೆ ಮಾತ್ರ ಯಾಕೆ ಹೇಜಿ ಅಂತ ಕೇಳಿದ್ರು. ಬೇರೆಯವರೆಲ್ಲ ಗಾಳಿ, ಒತ್ತಡ, ಮರುಭೂಮಿ ಧೂಳು ಅಂದ್ರಂತೆ.”

“ನೀನೇನಂದೆ?”

“ನಮ್ಮನೆಯವರು ಅಂದೆ.”

ಎಲ್ಲ ನನ್ನ ಬೋಧನೆಯ ಫಲವೆಂದು ಬೀಗಿದೆ. ಆ ಸಂಭ್ರಮ ವಾರವೂ ಬಾಳಲಿಲ್ಲ. ಈಗ ಊರಿನ ಮೇಲೆ ಎಲ್ಲಿ ಮಬ್ಬು ಕವಿದರೂ ಹವಾಮಾನ ಕಚೇರಿಯ ದೊಡ್ಡ ಸಾಹೇಬರು ಯಂತ್ರ ನೋಡುವ ಮೊದಲು ನನಗೆ ಫೋನ್ ಮಾಡುತ್ತಾರೆ: “ಮೇಷ್ಟ್ರೇ, ಇವತ್ತಿಂದೂ ನಿಮ್ದೇನಾ?”