ಲೋಟದ ಕ್ಯಾಂಡಿಯೂ ಅಜ್ಜಿಯ ಮಡಿಯೂ

ಕೆಲವು ಮನೆಗಳಲ್ಲಿ ನಗುವಂಥ ಸಂಗತಿ ಹಬ್ಬಕ್ಕೊಮ್ಮೆ ನಡೆದರೆ ಹೆಚ್ಚು. ಸಾಗರದಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಬೇಸಿಗೆ ಬಂತೆಂದರೆ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ಎಲ್ಲದಕ್ಕೂ ಕಾರಣ ಒಂದು ಫ್ರಿಜ್ಜು.

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಅಲ್ಲಿ ಹೈಸ್ಕೂಲು ಮೇಷ್ಟ್ರು. ರಸ್ತೆ ಕಡೆಯ ಕೋಣೆ ನನ್ನದು. ಒಳಗೆ ಮನೆಯೊಡತಿ, ಅವರ ಗಂಡ ಮತ್ತು ಅತ್ತೆ. ಮನೆಯೊಡತಿಯನ್ನು ಇಡೀ ಬೀದಿ ಅಕ್ಕ ಎನ್ನುತ್ತಿತ್ತು, ಅತ್ತೆಯನ್ನು ಅಜ್ಜಿ ಎನ್ನುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟಿನಿಂದ ವರ್ಗವಾಗಿ ಹೊರಟ ಇಂಜಿನಿಯರೊಬ್ಬರ ಫ್ರಿಜ್ಜನ್ನು ಅಕ್ಕನ ಗಂಡ ಹಾಲು ಮೊಸರು ಇಡಲಿಕ್ಕೆಂದು ಕೊಂಡು ತಂದರು. ಅಕ್ಕ ಅದರಲ್ಲಿ ಕ್ಯಾಂಡಿ ಮಾಡತೊಡಗಿದರು.

ಮುರುಗಲೆಂಬ ಹುಳಿಹಣ್ಣು, ಅನಾನಸು, ನೇರಳೆ, ಲಾವಂಚದ ನೀರು, ಒಂದೆಲಗ ಅರೆದು ಹಾಕಿದ ಮಜ್ಜಿಗೆ, ಏನು ಸಿಕ್ಕಿದರೂ ಅಕ್ಕನ ಕೈಯಲ್ಲಿ ಕ್ಯಾಂಡಿಯಾಗುತ್ತಿತ್ತು. ಸ್ಟೀಲ್ ಲೋಟಕ್ಕೆ ರಸ ಸುರಿದು, ನಡುವೆ ಬಿದಿರು ಕಡ್ಡಿ ನಿಲ್ಲಿಸಿ ಫ್ರಿಜ್ಜಿಗಿಟ್ಟರೆ ಮುಗಿಯಿತು. ಅಂಥ ಕೈರುಚಿ ನಾನು ಮತ್ತೆಲ್ಲೂ ಕಂಡಿಲ್ಲ.

ಅಕ್ಕನಿಗೆ ಒಂದೇ ಕೊರಗು. ಅಜ್ಜಿ ಮಾತ್ರ ಕ್ಯಾಂಡಿ ಮುಟ್ಟುತ್ತಿರಲಿಲ್ಲ. "ನಿನ್ನೆ ಮಾಡಿದ್ದು ಇವತ್ತಿಗೆ ತಂಗಳು. ಆ ಪೆಟ್ಟಿಗೆನ ಮಿಂದವೂ ಮುಟ್ತ, ಮೀಯದವೂ ಮುಟ್ತ. ಯಂಗೆ ಬ್ಯಾಡ" ಎಂದು ಮುಖ ತಿರುಗಿಸುತ್ತಿದ್ದರು.

"ಊರೆಲ್ಲ ಚಪ್ಪರಿಸಿದ್ರೆ ಎಂತ ಬಂತು ಮೇಷ್ಟ್ರೆ? ನಮ್ಮತ್ತೆ ಒಂದ್ಸಲ ಹ್ಞೂಂ ಅನ್ಬೇಕು" ಎಂದು ಅಕ್ಕ ಅನ್ನುತ್ತಲೇ ಇದ್ದರು.

ಹೆಡ್ಮಾಸ್ತರ ಕಾಫಿ

ಒಂದು ಮಧ್ಯಾಹ್ನ ನಮ್ಮ ಹೆಡ್ಮಾಸ್ತರು ಯಾವುದೋ ಕೆಲಸಕ್ಕೆ ನನ್ನ ಕೋಣೆಗೆ ಬಂದರು. ಬಿಗಿ ಮುಖದ ಮನುಷ್ಯ, ಶಾಲೆಯಲ್ಲಿ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ನಾನು ಒಳಗೆ ಹೋಗಿ, "ಅಕ್ಕಾ, ಸ್ವಲ್ಪ ಕಾಫಿ" ಎಂದೆ. ಅಕ್ಕ ಅಡುಗೆಮನೆಯ ಕಪಾಟು ತೆರೆದರು. ಒಂದು ಲೋಟವೂ ಇರಲಿಲ್ಲ. ಮನೆಯ ಲೋಟಗಳೆಲ್ಲ ಅನಾನಸು ಹೊತ್ತು ಫ್ರಿಜ್ಜಿನಲ್ಲಿ ಕೂತಿದ್ದವು.

ಇನ್ಯಾರಾದರೂ ಆಗಿದ್ದರೆ ಪಕ್ಕದ ಮನೆಗೆ ಓಡುತ್ತಿದ್ದರು. ಅಕ್ಕ ನೇರ ಹೊರಗೆ ಬಂದು ಹೆಡ್ಮಾಸ್ತರ ಎದುರು ಎರಡು ಲೋಟ ಇಟ್ಟು, "ಸಾರ್, ಕಾಫಿ ಬೇಕಾದ್ರೆ ಮೊದ್ಲು ಕ್ಯಾಂಡಿ ತಿಂದು ಲೋಟ ಖಾಲಿ ಮಾಡ್ಕೊಡ್ಬೇಕು" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಡ್ಮಾಸ್ತರು ಒಂದು ಲೋಟ ಖಾಲಿ ಮಾಡಿದರು, ಆಮೇಲೆ ನನ್ನದನ್ನೂ ಎಳೆದುಕೊಂಡರು. ಅಕ್ಕ ಲೋಟ ತೊಳೆದು ಕಾಫಿ ತಂದಾಗ, "ಕಾಫಿ ಇವರಿಗೆ ಕೊಡಿ, ನನಗೆ ಇನ್ನೊಂದು ಲೋಟ ಖಾಲಿ ಮಾಡೋ ಕೆಲ್ಸ ಇದ್ರೆ ಹೇಳಿ" ಎಂದರು.

ಹೊಸನಗರದ ಬಸ್ಸು

ಅಕ್ಕನ ತವರು ಹೊಸನಗರ. ಅಲ್ಲಿ ಅಣ್ಣ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಅಕ್ಕ ಉಡುಗೊರೆಯಾಗಿ ಕ್ಯಾಂಡಿಯನ್ನೇ ಒಯ್ಯುವುದೆಂದು ಹಟ ಹಿಡಿದರು. ಮರದ ಪೆಟ್ಟಿಗೆಯಲ್ಲಿ ಗರಗಸದ ಮಿಲ್ಲಿನ ಹೊಟ್ಟು ತುಂಬಿ, ಅದರೊಳಗೆ ಲೋಟಗಳನ್ನು ಹೂತು, ಮೇಲೆ ಗೋಣಿ ಹೊದೆಸಿದರು. ಪೆಟ್ಟಿಗೆ ಹೊರಲು ನಾನು.

ಅರ್ಧ ದಾರಿಯಲ್ಲಿ ಬಸ್ಸು ಪಂಕ್ಚರ್. ಬಿಸಿಲೋ ಬಿಸಿಲು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಬಂದು ಪೆಟ್ಟಿಗೆ ನೋಡಿ, "ಏನ್ರೀ, ನೀರು ಸೋರ್ತಿದೆ? ಮೀನಿನ ಪೆಟ್ಟಿಗೆ ಒಳಗಿಡಂಗಿಲ್ಲ, ಟಾಪಿಗೆ ಹಾಕಿ" ಎಂದ. ಹುಟ್ಟಿದಂದಿನಿಂದ ಮೀನು ಮುಟ್ಟದ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಮೀನಾ? ತಗೋ, ನಿನ್ನ ಮೀನು!" ಎಂದು ಪೆಟ್ಟಿಗೆ ತೆರೆದು ಮುರುಗಲು ಕ್ಯಾಂಡಿಯೊಂದನ್ನು ಎಳೆದು ಅವನ ಕೈಗಿಟ್ಟರು. ಅವನ ಮುಖ ಅರಳಿದ್ದು ನೋಡಿ ಅಕ್ಕನ ಸಿಟ್ಟು ಎಲ್ಲಿ ಹೋಯಿತೋ. ಹೇಗೂ ಕರಗುತ್ತಿದೆಯೆಂದು ಬಸ್ಸಿನವರಿಗೆಲ್ಲ ಹಂಚಿದರು. ಚಕ್ರ ಬದಲಾಯಿಸಿದ ಮೇಲೂ ಡ್ರೈವರು ತನ್ನ ಪಾಲು ಮುಗಿಸದೆ ಬಸ್ಸು ಬಿಡಲಿಲ್ಲ.

ಹೊಸನಗರ ತಲುಪಿದಾಗ ಉಳಿದದ್ದು ಬರೀ ಲೋಟಗಳು. ಅಕ್ಕ ಅಳುಮುಖ ಮಾಡಿಕೊಂಡು ಬಾಯಿ ತೆರೆಯುವ ಮೊದಲೇ ಅಣ್ಣ ಪೆಟ್ಟಿಗೆ ಬಿಚ್ಚಿ ನೋಡಿ, "ಯಬ್ಬಾ, ಎಷ್ಟೊಂದು ಲೋಟ! ಹೊಸ ಮನೆಗೆ ಚಲೋ ಉಡುಗೊರೆ ಆತು ತಂಗಿ" ಎಂದು ತೊಳೆದು ಕಪಾಟಿನಲ್ಲಿ ಜೋಡಿಸಿಯೇ ಬಿಟ್ಟ.

ತೀರ್ಥಹಳ್ಳಿ ಡಾಕ್ಟರು

ತೀರ್ಥಹಳ್ಳಿಯಲ್ಲಿ ಡಾಕ್ಟರಾಗಿದ್ದ ನನ್ನ ಸೋದರಮಾವ ಒಮ್ಮೆ ನನ್ನನ್ನು ನೋಡಲು ಬಂದರು. ಬೀದಿಯ ಮಕ್ಕಳ ಕೈಯಲ್ಲೆಲ್ಲ ಕ್ಯಾಂಡಿ ಕಂಡು, "ಏನಮ್ಮಾ, ಮಕ್ಕಳಿಗೆಲ್ಲ ಕೆಮ್ಮು ಹಂಚ್ತಿದೀರಾ?" ಎಂದು ಅಕ್ಕನನ್ನು ಗದರಿದರು.

"ಅದಕ್ಕೇ ದೊಡ್ಡಪತ್ರೆ, ಶುಂಠಿ, ಜೇನು ಹಾಕಿದೀನಿ ಡಾಕ್ಟ್ರೆ. ಕೆಮ್ಮು ಬಂದ್ರೆ ಇದ್ರಲ್ಲೇ ಹೋಗ್ತದೆ" ಎಂದರು ಅಕ್ಕ.

ಮಾವ ಒಂದನ್ನು ಪರೀಕ್ಷೆಗೆಂದು ತಿಂದರು. ಪೂರ್ತಿ ಪರೀಕ್ಷೆ ಮಾಡಿದರು. ಆಮೇಲೆ ನನ್ನ ಕಿವಿಯಲ್ಲಿ, "ಈ ಹೆಂಗಸು ತೀರ್ಥಹಳ್ಳಿಗೆ ಬರದ ಹಾಗೆ ನೋಡ್ಕೋ ಮಾರಾಯ, ನನ್ನ ಅಂಗಡಿ ಮುಚ್ತದೆ" ಎಂದರು.

ಭಟ್ಟರ ನಾಲಿಗೆ

ಅದೇ ಬೇಸಿಗೆಯ ಕೊನೆಗೆ ಅಜ್ಜಿ ಜ್ವರದಿಂದ ಮಲಗಿದರು. ಜ್ವರವೇನೋ ಇಳಿಯಿತು, ಆದರೆ ಬಾಯಿರುಚಿ ಸತ್ತುಹೋಯಿತು. ಗಂಜಿ ಬೇಡ, ಹಾಲು ಬೇಡ, ಎಳನೀರೂ ಬೇಡ. ಅಜ್ಜಿ ದಿನದಿಂದ ದಿನಕ್ಕೆ ಹಾಸಿಗೆಗಂಟಿಕೊಂಡರು. ನಾಲ್ಕು ಜನಕ್ಕೆ ಕೇಳುವ ಹಾಗೆ ಮಾತಾಡುತ್ತಿದ್ದ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓಡಾಡುತ್ತಿದ್ದರು. "ಒಂದು ಮುರುಗಲು ಕ್ಯಾಂಡಿ ಬಾಯಿಗೆ ಹೋದ್ರೆ ರುಚಿ ಬರ್ತಿತ್ತು. ಆದ್ರೆ ಮಡಿ ಬಿಡೂಲ್ಲ" ಎಂದರು.

ಆ ದಿನ ಎಂದಿನ ಪೂಜೆಗೆ ಮನೆಯ ಪುರೋಹಿತ ಭಟ್ಟರು ಬಂದರು. ಅಕ್ಕ ಅವರನ್ನೇ ಅಜ್ಜಿಯ ಹಾಸಿಗೆಯ ಪಕ್ಕ ಕೂರಿಸಿ ತೀರ್ಪು ಕೇಳಿದರು. ಭಟ್ಟರು ಗಂಟಲು ಸರಿಮಾಡಿಕೊಂಡು, "ಬೇಯ್ಸಿದ್ದಕ್ಕೆ ತಂಗಳು ಅಂತ ಇದ್ದು, ಹಸಿ ಹಣ್ಣಿನ ರಸಕ್ಕೆ ಇಲ್ಲೆ. ಕ್ಯಾಂಡಿ ಅಂದ್ರೆ ಗಟ್ಟಿ ಪಾನಕ ಅಷ್ಟೇಯ. ದೋಷ ಇಲ್ಲೆ" ಎಂದರು.

ಅಜ್ಜಿ ನಂಬಲಿಲ್ಲ. "ಹಂಗಾರೆ ನೀವು ತಿಂತ್ರ?"

"ಛೆ ಛೆ! ಆನು ಮುಟ್ತ್ನಿಲ್ಲೆ" ಎನ್ನಲು ಭಟ್ಟರು ಬಾಯಿ ದೊಡ್ಡದಾಗಿ ತೆರೆದರು.

ನಾಲಿಗೆ ಕಡುನೇರಳೆ! ಪ್ರತಿ ಸಲ ಪೂಜೆಗೆ ಮುಂಚೆ ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಕ್ಯಾಂಡಿ ಮುಗಿಸುವುದು ಭಟ್ಟರ ರೂಢಿ. ಅಂದು ನೇರಳೆಯದಾಗಿತ್ತು. ಅಜ್ಜಿ ಆ ನಾಲಿಗೆಯನ್ನು ನೋಡಿದರು, ಭಟ್ಟರ ಮುಖ ನೋಡಿದರು, ಆಮೇಲೆ ಮಲಗಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ನಿಂತ ಮೇಲೆ, "ಭಟ್ರ ನಾಲಿಗೆಗೆ ಆಗ್ತು ಅಂದ್ರೆ ಯನ್ನ ನಾಲಿಗೆಗೂ ಆಗ್ತು. ತಗಂಬಾರೆ ಕೂಸೆ" ಎಂದರು.

ಅಜ್ಜಿ ಮುರುಗಲು ಕ್ಯಾಂಡಿಯನ್ನು ಕಣ್ಣು ಮುಚ್ಚಿಕೊಂಡು ಚೀಪಿದರು. "ಹ್ಞೂಂ" ಅಂದರು. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಸಂಜೆ ಅಜ್ಜಿ ಗಂಜಿಯನ್ನೂ ಕುಡಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಅಕ್ಕನೇ ಗೆದ್ದಂತೆ. ಅಜ್ಜಿ ಎದ್ದು ಓಡಾಡುವಂತಾದ ಕೂಡಲೇ ಮಾಡಿದ ಮೊದಲ ಕೆಲಸ, ಫ್ರಿಜ್ಜನ್ನು ದೇವರಕೋಣೆಯ ಪಕ್ಕಕ್ಕೆ ಸಾಗಿಸಿದ್ದು. ತಾವು ತಿನ್ನುವುದನ್ನು ಇಡುವ ಪೆಟ್ಟಿಗೆಯಾದ್ದರಿಂದ ಅದಿನ್ನು ಪೂರ್ತಿ ಮಡಿ. ಅಕ್ಕ ಒಂದು ನಿಂಬೆಹಣ್ಣು ತೆಗೆಯಲು ಕೈ ಚಾಚಿದರೂ, "ಮುಟ್ಟಡ! ಮಿಂದ್ಕಂಡು ಬಾ" ಎಂಬ ಕೂಗು.

"ಅತ್ತೆ ಹ್ಞೂಂ ಅಂದ್ರು ಮೇಷ್ಟ್ರೆ, ನನ್ನ ಫ್ರಿಜ್ಜೇ ಹೋಯ್ತು" ಎಂದು ಅಕ್ಕ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ನಗುತ್ತಿದ್ದರು.

ಮುಂದಿನ ಪೂಜೆಯ ದಿನ ಭಟ್ಟರು ಎಂದಿನಂತೆ ನನ್ನ ಕೋಣೆಯಲ್ಲಿ, ಅಕ್ಕ ಮಿಂದು ತೆಗೆದುಕೊಟ್ಟ ಕ್ಯಾಂಡಿಯೊಂದನ್ನು ಮುಗಿಸಿ, ಬಾಯೊರೆಸಿಕೊಂಡು, ಏನೂ ಅರಿಯದವರ ಹಾಗೆ ಒಳಗೆ ಹೋದರು. ಫ್ರಿಜ್ಜಿನ ಎದುರು ಮಣೆ ಹಾಕಿಕೊಂಡು ಅಜ್ಜಿ ಕೂತಿದ್ದರು.

"ನಿಮಗೂ ಒಂದು ಆನೇ ತೆಗೆದಿಟ್ಟಿದ್ದಿ ಭಟ್ರೆ," ಎಂದರು ಅಜ್ಜಿ, "ಮೊದ್ಲು ನಾಲಿಗೆ ತೋರ್ಸಿ."