ನಿದ್ದೆಯಲ್ಲಿ ಓಡುವ ನಾಯಿ

ಗೋಕಾಕದಲ್ಲಿ ನಾನು ದನದ ಡಾಕ್ಟರ್. ಆದರೂ ಬೆನ್ನುಹುರಿಗೆ ಪೆಟ್ಟು ಬಿದ್ದು ಹಿಂಗಾಲು ಎಳೆಯುವ ನಾಯಿಗಳೇ ನನ್ನಲ್ಲಿಗೆ ಹೆಚ್ಚು ಬರುತ್ತವೆ. ಅವು ಏಳಲು ವಾರಗಟ್ಟಲೆ ಬೇಕು. ಅಷ್ಟು ದಿನ ಒಂದು ನಾಯಿಯ ಕಾಲನ್ನೇ ನೋಡುತ್ತ ಕೂತ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಚಿವುಟು

ಕಾಲಿನಲ್ಲಿ ಜೀವ ಇದೆಯೇ ಎಂದು ತಿಳಿಯಲು ನಾವು ನಾಯಿಯ ಕಾಲ್ಬೆರಳನ್ನು ಜೋರಾಗಿ ಚಿವುಟುತ್ತೇವೆ. ಹುಕ್ಕೇರಿಯ ಅಂಗಡಿಕಾರರೊಬ್ಬರ ನಾಯಿಗೆ ಬೈಕ್ ಬಡಿದಿತ್ತು. ಮೂರು ಸಲ ಚಿವುಟಿದೆ. ನಾಯಿ ಸುಮ್ಮನೆ ಮಲಗಿತ್ತು. ಮೂರೂ ಸಲ ತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡವರು ಅಂಗಡಿಕಾರರು.

ಎರಡು ವಾರ ಬಿಟ್ಟು ಅವರ ಮನೆಗೇ ಹೋಗಿ ಚಿವುಟಿದಾಗ ನಾಯಿ ಸರ್ರನೆ ತಿರುಗಿ ನನ್ನ ಕೈ ಕಚ್ಚಿತು. ನನ್ನ ಕೈಯಲ್ಲಿ ರಕ್ತ, ಅವರ ಕಣ್ಣಲ್ಲಿ ನೀರು. "ಇನ್ನೊಮ್ಮಿ ಚಿವುಟ್ರಿ," ಎಂದರು. "ಒಳಗಿನವ್ರೂ ನೋಡ್ಲಿ."

ವಿಶ್ರಾಂತಿ

ಮೂಡಲಗಿಯಲ್ಲಿ ಒಂದು ನಾಯಿ ಮಾಳಿಗೆಯಿಂದ ಬಿದ್ದಿತ್ತು. ನಾಲ್ಕು ವಾರ ಅಲುಗಾಡಬಾರದು, ಪಕ್ಕದಲ್ಲಿ ಯಾರಾದರೂ ಮಲಗಿರಬೇಕು ಎಂದು ಹೇಳಿ ಬಂದೆ. ಆ ಮನೆಯ ಅಜ್ಜಿ ತಾನೇ ಮಲಗುತ್ತೇನೆಂದರು. ಹಗಲು ಮಲಗಿ ಗೊತ್ತೇ ಇಲ್ಲದ ಜೀವ. ಮುಂದಿನ ವಾರ ಹೋದರೆ ಪಡಸಾಲೆಯಲ್ಲಿ ಕೌದಿ ಹಾಸಿ, ಕಿಟಕಿಯ ಎಳೆಬಿಸಿಲಲ್ಲಿ ಇಬ್ಬರೂ ಅರೆಗಣ್ಣು ಮುಚ್ಚಿ ನಿದ್ದೆಯಲ್ಲಿ ತೇಲುತ್ತಿದ್ದರು.

ನಾಲ್ಕನೆಯ ವಾರ ನಾಯಿ ನನ್ನನ್ನು ಕಂಡು ಎದ್ದು ಎರಡು ಹೆಜ್ಜೆ ಬಂತು. ಅಜ್ಜಿ ಅದನ್ನು ಮೆಲ್ಲಗೆ ಹಿಡಿದು ಮತ್ತೆ ಮಲಗಿಸಿ, ಸೊಸೆ ಇದ್ದ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು: "ಡಾಕ್ಟರ್ರ, ಇದಕ್ಕ ಆರಾಮ ಆಗೇತಿ ಅಂತ ಒಳಗ ಹೇಳಬ್ಯಾಡ್ರಿ."

ಓಟ

ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬರ ನಾಯಿ ಒಂದೂವರೆ ತಿಂಗಳಾದರೂ ಏಳಲಿಲ್ಲ. ಇನ್ನು ಆಸೆ ಕಡಿಮೆ ಎಂದು ಹೇಳಿಬಿಟ್ಟೆ. ಅವರು ಒಪ್ಪಲಿಲ್ಲ. ಮಧ್ಯಾಹ್ನದ ನಿದ್ದೆಯಲ್ಲಿ ಅದು ಹಿಂಗಾಲು ಆಡಿಸಿ ಓಡುತ್ತದೆ, ಬಂದು ನೋಡಿ ಎಂದರು.

ಊಟ ಮುಗಿಸಿ ಹೋದೆ. ಬೇವಿನ ನೆರಳು, ದೂರದಲ್ಲಿ ನೀರು ಧುಮುಕುವ ಸದ್ದು. ನಾಯಿ ಮಲಗಿತ್ತು. ನಾವಿಬ್ಬರೂ ಹಗ್ಗದ ಹೊರಸಿನ ಮೇಲೆ ಕೂತು ಅದರ ಕಾಲನ್ನೇ ನೋಡುತ್ತಿದ್ದೆವು. ನೋಡುತ್ತ ನೋಡುತ್ತ ನೀರಿನ ಸದ್ದು ಹತ್ತಿರ ಬಂತು. ನಾನು ಯಾವುದೋ ಜೋಳದ ಹೊಲದಲ್ಲಿ, ಬರಿಗಾಲಲ್ಲಿ, ಹಗುರಾಗಿ ಓಡುತ್ತಿದ್ದೆ.

ಯಾರೋ ಭುಜ ಮುಟ್ಟಿದರು. ನಾಯಿಯ ಯಜಮಾನರು. "ಕಾಲು ಆಡಿದ್ವು ನೋಡ್ರಿ."

ನಾಯಿಯವೇ ಎಂದು ಗಡಬಡಿಸಿ ಕೇಳಿದೆ.

"ಅಲ್ರಿ, ನಿಮ್ಮವು. ಅದೇನಂತ ನೋಡಾಕ ನಾಯಿ ಎದ್ದು ಬಂದೈತಿ."